ಬಿಚ್ಚುವ ಮೊದಲು ಅಳೆದು ನೋಡುವ ಗ್ಯಾರೇಜ್

ನನ್ನ 2008ರ ನಾಲ್ಕು ಗೇರಿನ ಆಟೊಮ್ಯಾಟಿಕ್ ಕಾರು ಬಿಸಿಯಾದ ಬಳಿಕ ಎರಡರಿಂದ ಮೂರನೆಯ ಗೇರಿಗೆ ಏರುವಾಗ ಬಲವಾಗಿ ಜಗ್ಗುತ್ತಿತ್ತು. ಕೆಲವೊಮ್ಮೆ ಮೂರರಲ್ಲೇ ಸಿಕ್ಕಿಕೊಂಡು, ಸಿಗ್ನಲ್‌ನಿಂದ ಹೊರಡುವುದೇ ಕಷ್ಟವಾಗುತ್ತಿತ್ತು. ಮೊದಲು ತೋರಿಸಿದ ಕಡೆ ದೋಷದ ಕೋಡ್ ಓದುವ ಸ್ಕ್ಯಾನರ್ ಕೂಡ ಜೋಡಿಸದೆ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದಿದ್ದರು.

ಮೈಸೂರಿನ ಹೊರವಲಯದ ಈ ಚಿಕ್ಕ ಗ್ಯಾರೇಜಿನವರ ಕ್ರಮ ಬೇರೆ. ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಅಳತೆಕಡ್ಡಿ) ತೆಗೆದು ಅದರ ಎಣ್ಣೆಯ ಮಟ್ಟ ನೋಡಿದರು, ಬಿಳಿ ಬಟ್ಟೆಗೆ ಒರೆಸಿ ಬಣ್ಣ ಮತ್ತು ವಾಸನೆ ಪರೀಕ್ಷಿಸಿದರು. ಎಣ್ಣೆ ಕಂದಾಗಿದ್ದರೂ ಸುಟ್ಟ ವಾಸನೆ ಇಲ್ಲದ್ದರಿಂದ ಗೇರ್‌ಬಾಕ್ಸಿನೊಳಗಿನ ಕ್ಲಚ್ ಪ್ಲೇಟುಗಳು ಸುಡದೆ ಉಳಿದಿರಬಹುದೆಂದರು. ಸ್ಕ್ಯಾನರಿನಲ್ಲಿ ಪಿ0753 ಎಂಬ ಕೋಡ್, ಅಂದರೆ ಗೇರ್ ಬದಲಿಸಲು ಎಣ್ಣೆಯ ಹರಿವನ್ನು ನಿಯಂತ್ರಿಸುವ ವಿದ್ಯುತ್ ಕವಾಟವಾದ ಶಿಫ್ಟ್ ಸೊಲೆನಾಯ್ಡ್ ‘ಎ’ಯ ವಿದ್ಯುನ್ಮಂಡಲದ ದೋಷ ಕಾಣಿಸಿತು. ಕೋಡ್ ಬಂದೊಡನೆ ಬಿಡಿಭಾಗ ತರಿಸುವವರೇ ಹೆಚ್ಚು. ಇವರು ಮಾತ್ರ ವೈರು, ಕನೆಕ್ಟರುಗಳನ್ನು ನೋಡಿ, ಸೊಲೆನಾಯ್ಡಿನ ರೋಧವನ್ನು ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಮಲ್ಟಿಮೀಟರಿನಲ್ಲಿ ಅಳೆದರು. ಬಿಸಿಯಾದಾಗ ಸುರುಳಿಯ ಸಂಪರ್ಕವೇ ಕಡಿಯುತ್ತಿತ್ತು.

ಸೊಲೆನಾಯ್ಡ್ ಜೊತೆಗೆ ಎಣ್ಣೆ, ಫಿಲ್ಟರ್ ಬದಲಾದವು. ಒಮ್ಮೆ ಬಸಿದರೂ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ ಹಳೆಯ ಎಣ್ಣೆ ಉಳಿಯುವುದರಿಂದ ಇನ್ನೊಮ್ಮೆ ಬರಬೇಕೆಂದು ಮೊದಲೇ ತಿಳಿಸಿದ್ದು ಪ್ರಾಮಾಣಿಕವೆನಿಸಿತು. ಕೆಲಸಕ್ಕೆ ಐದು ದಿನ ಹಿಡಿಯಿತು, ಫೋನ್ ಎತ್ತುವುದರಲ್ಲಿ ಮಾತ್ರ ಅವರು ಬಹಳ ಸೋಮಾರಿಗಳು. ಎರಡು ತಿಂಗಳಿಂದ ಜಗ್ಗಾಟವಿಲ್ಲ. ನಾಲ್ಕನೆಯ ಗೇರಿಗೆ ಏರುವಾಗ ಸಣ್ಣ ತಡವೊಂದು ಉಳಿದಿದೆ.