ಹೊಸ ಹಿತ್ತಾಳೆ ಕೇಸ್: ದುಬಾರಿ ಡಬ್ಬಿಯದ್ದು, ಅಗ್ಗದ ಚೀಲದ್ದು, ಒಮ್ಮೆ ಹಾರಿಸಿದ್ದು

ತೋಟಾವನ್ನು ಕೈಯಿಂದಲೇ ತುಂಬಿಕೊಳ್ಳುವವರಲ್ಲಿ ತುಂಬಾ ಜನ, ಹೊಸ ಕೇಸ್ (ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆಯ ಕೊಳವೆ) ತಂದರೆ ನೇರವಾಗಿ ಪ್ರೈಮರ್ (ಮದ್ದಿಗೆ ಬೆಂಕಿ ಹಚ್ಚುವ ತಳದ ಪುಟ್ಟ ಬಟ್ಟಲು) ಕೂರಿಸಿ ಮದ್ದು ತುಂಬಬಹುದು ಅಂತ ಅಂದುಕೊಂಡಿದ್ದಾರೆ. ಹಾಗೆ ಮಾಡಬಾರದು. ಹೊಸದರಲ್ಲೂ ದೋಷ ಇರುತ್ತದೆ, ದುಬಾರಿ ಮಾಲಿನಲ್ಲೂ ಇರುತ್ತದೆ. ಆ ದೋಷ ನಮ್ಮ ಬೆಂಚಿನ ಮೇಲೆ ಸರಿಹೋಗುವಂಥದ್ದಾ, ಅಲ್ವಾ ಅನ್ನೋದೇ ಮುಖ್ಯ. .308 ವಿಂಚೆಸ್ಟರ್ ಅನ್ನೋ ರೈಫಲ್ ತೋಟಾಗೆ ನಾನು ಮೂರು ಥರದ ಕೇಸ್ ಬಳಸಿ ನೋಡಿದ್ದೇನೆ. ಖಾನೆಖಾನೆಯ ಡಬ್ಬಿಯಲ್ಲಿ ಬರುವ ದುಬಾರಿಯದ್ದು, ಪ್ಲಾಸ್ಟಿಕ್ ಚೀಲದಲ್ಲಿ ಸುರಿದು ಕೊಡುವ ಅಗ್ಗದ್ದು, ಮತ್ತೆ ಒಮ್ಮೆ ಹಾರಿಸಿದ ಹಳೆಯದು. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಕಂಪನಿಯ ಎರಡು ಲಾಟ್ (ಒಟ್ಟಿಗೆ ತಯಾರಾದ ಕಂತು) ಬೇರೆ ಬೇರೆ ಥರ ಇರುತ್ತವೆ. ಹಾಗಾಗಿ ಹೆಸರಿಗಿಂತ ಕೈಯಲ್ಲಿರೋ ಲಾಟನ್ನು ಪರೀಕ್ಷಿಸುವುದೇ ಹೆಚ್ಚು ಉಪಯೋಗ.

ಚೀಲದ್ದು ಮೊದಲು. ಬಿಚ್ಚಿದ ಕೂಡಲೇ ಕಾಣೋದು ಸೊಟ್ಟಗಾದ ಬಾಯಿ. ಸಾಗಾಟದಲ್ಲಿ ಒಂದಕ್ಕೊಂದು ಬಡಿದು ಕುತ್ತಿಗೆಯ ಅಂಚು ಒಳಗೆ ಮಡಚಿರುತ್ತದೆ. ನೋಡಿದವರಿಗೆ ದುಡ್ಡು ಹಾಳಾಯಿತು ಅನಿಸುತ್ತದೆ, ಆದರೆ ಇದು ನಿಜಕ್ಕೂ ಚಿಕ್ಕ ದೋಷ. ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಒಂದು ಸಲ ಒಳಗೆ ಹೋಗಿ ಬಂದರೆ ಬಾಯಿ ದುಂಡಗಾಗುತ್ತದೆ. ಪ್ರೈಮರ್‌ನ ಬೆಂಕಿ ಮದ್ದಿಗೆ ದಾಟುವ ತಳದ ತೂತು, ಅಂದರೆ ಫ್ಲ್ಯಾಶ್ ಹೋಲ್ ಕೂಡ ಹಾಗೆಯೇ. ಅಗ್ಗದ ಕೇಸ್‌ಗಳಲ್ಲಿ ಆ ತೂತನ್ನು ಸಾಮಾನ್ಯವಾಗಿ ಕೊರೆಯುವುದಿಲ್ಲ, ಪಂಚ್‌ನಿಂದ ಹೊಡೆಯುತ್ತಾರೆ. ಹೊಡೆದಾಗ ಒಳಬದಿಯಲ್ಲಿ ಹಿತ್ತಾಳೆಯ ಚೂಪು ಅಂಚೊಂದು ಎದ್ದು ನಿಲ್ಲುತ್ತದೆ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಗೊತ್ತಾಗುತ್ತದೆ. ಡಿಬರಿಂಗ್ ಟೂಲ್ ಹಾಕಿ ಒಂದೆರಡು ಸುತ್ತು ತಿರುಗಿಸಿದರೆ ಹೋಗುತ್ತದೆ. ಅಪರೂಪಕ್ಕೆ ತೂತೇ ಇಲ್ಲದ ಕೇಸ್ ಕೂಡ ಬರುವುದುಂಟು, ಅದಕ್ಕೇ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಉದ್ದದಲ್ಲಿ ವ್ಯತ್ಯಾಸ ಇದ್ದರೆ ಟ್ರಿಮ್ ಮಾಡಿದರಾಯಿತು. .308ಕ್ಕೆ ಗರಿಷ್ಠ 2.015 ಇಂಚು, ಟ್ರಿಮ್ ಅಳತೆ 2.005 ಇಂಚು.

ನನ್ನನ್ನು ಚೀಲದಿಂದ ದೂರ ಮಾಡಿದ್ದು ಕುತ್ತಿಗೆಯ ಗೋಡೆ. ಗೋಡೆಯ ದಪ್ಪ ಅಳೆಯುವ ಬಾಲ್ ಮೈಕ್ರೋಮೀಟರ್ ಹಿಡಿದು ಕೇಸನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಒಳ್ಳೆ ಕೇಸ್ ಆದರೆ ಅಳತೆ ಅರ್ಧ ಥೌ, ಹೆಚ್ಚೆಂದರೆ ಒಂದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗದಷ್ಟು ಅಲುಗಾಡುತ್ತದೆ. ಚೀಲದ ಕೆಲವು ಕೇಸ್‌ಗಳಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಬರುವಷ್ಟರಲ್ಲಿ ಮೂರು ಥೌ ದಾಟುತ್ತಿತ್ತು. ಹಿತ್ತಾಳೆಯ ಬಟ್ಟಲನ್ನು ಎಳೆದೆಳೆದು ಕೊಳವೆ ಮಾಡುವಾಗ ಪಂಚ್ ನಡುವಿಗೆ ಕೂರದಿದ್ದರೆ ಹೀಗಾಗುತ್ತದೆ. ಕುತ್ತಿಗೆಯನ್ನು ಹೊರಗಿನಿಂದ ಹೆರೆದು ಸಮ ಮಾಡಬಹುದು. ಆದರೆ ತೆಳ್ಳಗಿನ ಬದಿ ಕುತ್ತಿಗೆಯಲ್ಲಿ ನಿಲ್ಲುವುದಿಲ್ಲ, ಕೆಳಗೆ ಮೈಯವರೆಗೂ ಇಳಿದಿರುತ್ತದೆ. ಹಾರಿಸಿದಾಗ ತೆಳು ಬದಿ ಜಾಸ್ತಿ ಹಿಗ್ಗಿ ಇಡೀ ಕೇಸ್ ಸ್ವಲ್ಪ ಬಾಗುತ್ತದೆ. ಅಂಥದ್ದನ್ನು ಯಾವ ಡೈಯೂ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು) ನೆಟ್ಟಗೆ ಮಾಡುವುದಿಲ್ಲ. ನಾನು ಅವನ್ನು ಇಕ್ಕಳದಲ್ಲಿ ಹಿಸುಕಿ ಗುಜರಿಗೆ ಹಾಕುತ್ತೇನೆ, ಮತ್ತೆ ಒಳ್ಳೆಯದರ ಜೊತೆ ಸೇರಬಾರದಲ್ವಾ.

ಇನ್ನೊಂದು ದೋಷ ಮೊದಲ ದಿನ ಕಾಣುವುದೇ ಇಲ್ಲ: ಮೆತ್ತಗಿನ ತಳ. ಕೇಸಿನ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಈ ಲೋಹ ಬಡಿದಷ್ಟೂ ಗಟ್ಟಿಯಾಗುತ್ತದೆ, ಕಾಯಿಸಿದರೆ ಮೆತ್ತಗಾಗುತ್ತದೆ. ಒತ್ತಡ ತಡೆಯಬೇಕಾದ ತಳ ಗಟ್ಟಿ ಇರಬೇಕು, ಹಿಗ್ಗಿ ಕುಗ್ಗಬೇಕಾದ ಕುತ್ತಿಗೆ ಮೆತ್ತಗಿರಬೇಕು. ತಳ ಮೆತ್ತಗಿದ್ದರೆ ಕೆಲವೇ ಸಲ ತುಂಬುವಷ್ಟರಲ್ಲಿ ಪ್ರೈಮರ್ ಕೂರುವ ಗುಳಿ (ಪ್ರೈಮರ್ ಪಾಕೆಟ್) ಸಡಿಲವಾಗುತ್ತದೆ. ಪ್ರೈಮರ್ ಕೂರಿಸುವಾಗ ಕೈಗೆ ತಡೆಯೇ ಸಿಗುವುದಿಲ್ಲ, ಸುಮ್ನೆ ಜಾರಿ ಒಳಗೆ ಹೋಗುತ್ತದೆ. ಅಲ್ಲಿಗೆ ಆ ಕೇಸ್ ಮುಗಿಯಿತು. ನನ್ನ ಚೀಲದ ಕೇಸ್‌ಗಳು ಹೀಗೇ ಬೇಗ ಕೈಕೊಟ್ಟವು, ಡಬ್ಬಿಯವು ಅದೇ ಮದ್ದಿನಲ್ಲಿ ಬಹಳ ಕಾಲ ನಡೆದವು. ಬಿಡಿ ಬೆಲೆಯಲ್ಲಿ ಕಂಡ ಉಳಿತಾಯ ಇಲ್ಲಿ ಪೂರ್ತಿ ಕರಗುತ್ತದೆ.

ಕುತ್ತಿಗೆಯ ಸುತ್ತ ನೀಲಿ, ಕಂದು ಬಣ್ಣದ ಉಂಗುರ ಕಂಡರೆ ಹೆದರಬೇಡಿ. ಅದು ಕುತ್ತಿಗೆ ಕಾಯಿಸಿದ ಗುರುತು, ಒಳ್ಳೆಯದೇ. ಕೆಲವರು ಪಾಲಿಶ್ ಮಾಡಿ ಅದನ್ನು ಅಳಿಸಿ ಮಾರುತ್ತಾರೆ, ಅಷ್ಟೇ.

ಡಬ್ಬಿಯದ್ದು ನಿಜವಾಗಿಯೂ ಚೆನ್ನಾಗಿದೆ. ಬಾಯಿ ದುಂಡಗೆ, ತೂತು ನಡುವಿಗೆ, ಗೋಡೆ ಸಮ. ಆದರೂ ಎರಡು ವಿಷಯ ಗಮನಿಸಿ. ಹೊಸ ಕುತ್ತಿಗೆಯ ಒಳಗೆ ಮಸಿ ಇರುವುದಿಲ್ಲ. ಹಾರಿಸಿದ ಕೇಸಿನಲ್ಲಿ ಆ ತೆಳು ಮಸಿಯೇ ಗುಂಡು ಜಾರಿ ಕೂರಲು ನೆರವಾಗುತ್ತದೆ. ಅದಿಲ್ಲದೆ ಗುಂಡು ಒಂದರಲ್ಲಿ ಬಿಗಿ, ಒಂದರಲ್ಲಿ ಸಡಿಲ ಅನ್ನಿಸುತ್ತದೆ. ಒಣ ಗ್ರಾಫೈಟ್ ಸ್ವಲ್ಪ ಸವರಿದರೆ ಸಾಕು. ಎರಡನೆಯದು, ಸಣ್ಣ ಪ್ರೈಮರ್‌ಗಾಗಿ ಮಾಡಿದ ಕೇಸ್ ತಂದರೆ ಕೆಲವದರಲ್ಲಿ ಫ್ಲ್ಯಾಶ್ ಹೋಲ್ ಸುಮಾರು 1.5 ಮಿ.ಮೀ. ಮಾತ್ರ ಇರುತ್ತದೆ, ಮಾಮೂಲಿನದು 2 ಮಿ.ಮೀ. ಡೈಯಲ್ಲಿರುವ, ಹಳೆ ಪ್ರೈಮರ್ ಹೊರತಳ್ಳುವ ಮಾಮೂಲಿ ಪಿನ್ ಅದರಲ್ಲಿ ಸಿಕ್ಕಿಹಾಕಿಕೊಂಡು ಬಾಗಬಹುದು, ಮುರಿಯಲೂಬಹುದು. ಸಣ್ಣ ಪಿನ್ ಹಾಕಿಕೊಳ್ಳಿ.

ಒಮ್ಮೆ ಹಾರಿಸಿದ್ದರ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ. ನನ್ನದೇ ರೈಫಲ್‌ನಲ್ಲಿ ಹಾರಿಸಿದ ಕಾರ್ಖಾನೆ ತೋಟಾದ ಕೇಸ್ ಆದರೆ ಅಗ್ಗದ ಹೊಸದಕ್ಕಿಂತ ಎಷ್ಟೋ ಮೇಲು. ಅದು ಆಗಲೇ ನನ್ನ ರೈಫಲ್‌ನಲ್ಲಿ ತೋಟಾ ಕೂರುವ ಜಾಗದ, ಅಂದರೆ ಚೇಂಬರ್‌ನ ಆಕಾರಕ್ಕೆ ಬಂದಿರುತ್ತದೆ. ಬೇರೆಯವರದ್ದಾದರೆ, ಅದರಲ್ಲೂ ಸೇನೆಯದ್ದಾದರೆ, ಪ್ರೈಮರ್ ಸುತ್ತ ಅದನ್ನು ಬಿಗಿಹಿಡಿಯಲು ಒತ್ತಿದ ಅಂಚು (ಕ್ರಿಂಪ್) ಇರಬಹುದು, ಅದನ್ನು ತೆಗೆಯಬೇಕು. ದೊಡ್ಡ ಚೇಂಬರ್‌ನಲ್ಲಿ ಹಿಗ್ಗಿದ್ದರೆ ತಳದ ಸ್ವಲ್ಪ ಮೇಲೆ ಒಳಗೋಡೆ ತೆಳ್ಳಗಾಗಿರಬಹುದು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಎಳೆದು ನೋಡಿ, ಎಲ್ಲಾದರೂ ತಗ್ಗು ತಾಗಿದರೆ ಬಿಸಾಡಿ. ಸೇನೆಯ ಕೇಸ್‌ನಲ್ಲಿ ಲೋಹ ಸಾಮಾನ್ಯವಾಗಿ ಜಾಸ್ತಿ, ಒಳಗಿನ ಜಾಗ ಕಮ್ಮಿ. ಅಷ್ಟೇ ಮದ್ದು ಹಾಕಿದರೂ ಒತ್ತಡ ಏರುತ್ತದೆ. ಹೊಸ ಕೇಸ್‌ಗಳ ಲಾಟ್ ಬದಲಾದಾಗಲೂ ಇದೇ ಭಯ. ಅದಕ್ಕೇ ಕೇಸ್ ಬದಲಾದರೆ ಮದ್ದಿನ ಅಳತೆಯ ಪುಸ್ತಕದಲ್ಲಿ ಕೊಟ್ಟ ಕನಿಷ್ಠ ಅಳತೆಯಿಂದಲೇ ಮತ್ತೆ ಶುರು ಮಾಡುತ್ತೇನೆ.

ಹಳೆಯದನ್ನು ತೊಳೆಯುವಾಗ ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡ. ಹಿಂದೆ ಬ್ರಿಟಿಷ್ ಸೇನೆ ಭಾರತದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಲಾಯದ ಅಮೋನಿಯಾ, ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಎರಡೂ ಸೇರಿ ಹಾಗಾಗುತ್ತಿತ್ತು ಅಂತ 1921ರಲ್ಲಿ ವಿವರಿಸಿದರು.

ಗುರಿ ಸ್ಪರ್ಧೆಗೆ ನಾನು ಡಬ್ಬಿಯದ್ದೇ ತರುತ್ತೇನೆ. ಅಭ್ಯಾಸಕ್ಕೆ ನನ್ನದೇ ಹಾರಿಸಿದ ಕೇಸ್ ಸಾಕು. ಚೀಲದ್ದು ತರಲೇಬೇಕಾದರೆ, ಡೈಗೆ ಮುಟ್ಟಿಸುವ ಮೊದಲೇ ಒಂದು ಹಿಡಿ ತೆಗೆದು ಗೋಡೆ ಅಳೆಯಿರಿ, ತೂತು ನೋಡಿ, ಲಾಟ್ ಚೀಟಿ ಎತ್ತಿಡಿ. ಕೇಸ್ ಒಮ್ಮೆ ಡೈ ಒಳಗೆ ಹೋಗಿ ಬಂದ ಮೇಲೆ ದೋಷ ಕಾರ್ಖಾನೆಯದ್ದು ಅಂತ ಮಾರಿದವರನ್ನು ಒಪ್ಪಿಸೋದು ಕಷ್ಟ.