14 ಕೋರ್ ಅಂದ ತಕ್ಷಣ ರೊಕ್ಕ ತೆಗೀಬೇಡಿ

ಜಿಯಾನ್ ಅನ್ನೋ ಇಂಟೆಲ್‌ನ ಹಳೇ ಸರ್ವರ್ ಪ್ರೊಸೆಸರ್, ಅದು ಕೂರುವ ಚೀನಾದ ಎಕ್ಸ್99 ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಸೇರಿಸಿ ಒಂದೇ ಸೆಟ್ ಎಂದು ಮಾರುವವರು ಈಗ ಕಲಬುರಗಿಯಲ್ಲೂ ಇದ್ದಾರೆ. ಮನೆಯಲ್ಲಿ ಸಿನಿಮಾ, ಫೋಟೋ ಇಟ್ಟುಕೊಳ್ಳೋಕೆ ಸರ್ವರ್ ಮಾಡಿಕೊಂಡವರು ಇದನ್ನು ಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ.

ನನ್ನ ಹತ್ತಿರ ಇದ್ದದ್ದು ಇಂಟೆಲ್‌ನ 6ನೇ ಜನರೇಷನ್ ಪ್ರೊಸೆಸರ್ ಐ5-6500, ಎಚ್110 ಬೋರ್ಡ್. ಒಂದೇ ಪೆಟ್ಟಿಗೆಯೊಳಗೆ ಹಲವು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್ ಹಾಕಿದ್ದೆ. ಅದರೊಳಗೆ ವಿಡಿಯೋಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್, ಜೊತೆಗೆ ಕಲಿಯೋಕೆ ಕೆಲವು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಇರುವ ಕಂಪ್ಯೂಟರ್‌ಗಳು. ಇರೋದೇ 4 ಕೋರ್ (ಪ್ರೊಸೆಸರ್ ಒಳಗಿನ ದುಡಿಯುವ ಭಾಗ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಮಷೀನ್ ಜಾಸ್ತಿ ಆದಂತೆ ಏದುಸಿರು ಬಿಡುತ್ತಿತ್ತು. ಇನ್ನೊಂದು ತೊಂದರೆ ವಿಡಿಯೋದ್ದು. ಶರಣಬಸವೇಶ್ವರ ಜಾತ್ರೆಯ ತೇರನ್ನು ತಂಗಿಯ ಮಗ ಫೋನಿನಲ್ಲಿ ಹಿಡಿದಿದ್ದ. 10 ಬಿಟ್ ಎಚ್‌ಇವಿಸಿ ಫೈಲ್, ಅಂದರೆ ವಿಡಿಯೋವನ್ನು ಹೆಚ್ಚು ಕುಗ್ಗಿಸಿ ಇಡುವ ಹೊಸ ಬಗೆ, ಬಣ್ಣದ ಛಾಯೆಯೂ ಹೆಚ್ಚು. ಮನೆಯ ಹಳೇ ಟಿವಿಗೆ ಅದು ತಿಳಿಯಲ್ಲ. ಸರ್ವರ್ ಅದನ್ನು ಆಗಿಂದಾಗಲೇ ಹಳೇ ಬಗೆಯಾದ ಎಚ್.264ಗೆ ಬದಲಿಸಿ ಕಳಿಸಬೇಕು. ಈ ಕೆಲಸವನ್ನು ಸಲೀಸಾಗಿ ಮಾಡೋದು ಕೋರ್‌ಗಳಲ್ಲ, ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್. 6ನೇ ಜನರೇಷನ್‌ನಲ್ಲಿ ಅದು 8 ಬಿಟ್ ಎಚ್‌ಇವಿಸಿಯನ್ನಷ್ಟೇ ಸರಿಯಾಗಿ ನಿಭಾಯಿಸುತ್ತದೆ. 10 ಬಿಟ್‌ಗೆ 7ನೇದು ಬೇಕು.

ಹಾಗಾಗಿ ನಾನು ಅಂಗಡಿಯಲ್ಲಿ ಕೇಳಿದ್ದು 7ನೇ ಜನರೇಷನ್‌ನ ಸೆಕೆಂಡ್ ಹ್ಯಾಂಡ್ ಐ7-7700. 4 ಕೋರ್, 8 ಥ್ರೆಡ್. ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಅದೇ ಬೋರ್ಡಿಗೆ ಕೂರುತ್ತದೆ.

‘ಅದ್ಯಾಕ್ರೀ ಸರ್, 4 ಕೋರಿಂದು? ಅಷ್ಟೇ ರೊಕ್ಕದಾಗ 14 ಕೋರ್ ಕೊಡ್ತೀನಿ’ ಅಂದರು. ಹೈದರಾಬಾದಿನಿಂದ ಬಂದ ಮಾಲಂತೆ. ಜಿಯಾನ್ ಇ5-2680 ವಿ4. ವಿಡಿಯೋ ಟ್ರಾನ್ಸ್‌ಕೋಡ್ (ಬಗೆ ಬದಲಿಸೋದು) ಹಾರ್ಡ್‌ವೇರ್‌ನಲ್ಲೇ ಆಗುತ್ತದಾ ಅಂತ ಬಿಡಿಸಿ ಕೇಳಿದೆ. ‘ಸರ್ವರ್ ಪ್ರೊಸೆಸರ್ ಅದರೀ, ಎಲ್ಲಾ ಆಗ್ತದ’ ಅನ್ನೋ ಉತ್ತರ. ನಂಬಿ ಕೊಂಡೆ.

ಆಗಲ್ಲ. ಆ ಚಿಪ್‌ನಲ್ಲಿ ಗ್ರಾಫಿಕ್ಸೇ ಇಲ್ಲ. ಪರದೆ ಮೇಲೆ ಏನಾದರೂ ಕಾಣಬೇಕಾದರೂ ಬೇರೆ ಕಾರ್ಡ್ ಬೇಕು. ಅದಕ್ಕೇ ಸೆಟ್ ಜೊತೆ ಒಂದು ಜಿಟಿ 710 ಗ್ರಾಫಿಕ್ಸ್ ಕಾರ್ಡ್ ‘ಫ್ರೀ’ ಕೊಟ್ಟಿದ್ದರು. ಆ ಕಾರ್ಡಿಗೆ ಎಚ್‌ಇವಿಸಿ ಬಿಚ್ಚುವ ಶಕ್ತಿ ಇಲ್ಲ. ವರ್ಚುವಲ್ ಮಷೀನ್‌ಗಳು ಚೆನ್ನಾಗಿಯೇ ಓಡಿದವು, ಸುಳ್ಳು ಹೇಳಲ್ಲ. ಆದರೆ ತೇರಿನ ವಿಡಿಯೋ ಹಾಕಿದರೆ 14 ಕೋರೂ ದುಡಿದು, ಫ್ಯಾನ್ ಕಿರುಚಿ, ಚಿತ್ರ ನಿಂತು ನಿಂತು ಬಂತು. ಐ3-7100 ಅನ್ನೋ 2 ಕೋರಿನ ಚಿಪ್ ಇದನ್ನು ಸದ್ದಿಲ್ಲದೆ ಮಾಡುತ್ತದೆ!

ಕರೆಂಟಿನ ಲೆಕ್ಕ ಇನ್ನೂ ಉರಿಸುವಂಥದ್ದು. ಹಳೇ ಸರ್ವರ್ ಸುಮ್ನೆ ಕೂತಾಗ 30 ವ್ಯಾಟ್ ಆಸುಪಾಸು ತಿನ್ನುತ್ತಿತ್ತು. ಇದು 100. ಹಗಲೂ ರಾತ್ರಿ ಆನ್ ಇರುವ ಪೆಟ್ಟಿಗೆಗೆ 70 ವ್ಯಾಟ್ ಹೆಚ್ಚು ಅಂದರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ಸಿಗೋದು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 ಮಾತ್ರ. ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಇನ್ನು ನಮ್ಮೂರ ಮೇ ತಿಂಗಳ ಬಿಸಿಲಿನಲ್ಲಿ 120 ವ್ಯಾಟಿನ ಪ್ರೊಸೆಸರ್ ಇರೋ ಕೋಣೆಯಲ್ಲಿ ಯಾರು ಕೂರುತ್ತಾರೆ? ಕರೆಂಟ್ ಹೋದರೆ ಯುಪಿಎಸ್ ಕೂಡ ಮೊದಲಿನಷ್ಟು ಹೊತ್ತು ತಡೆಯಲ್ಲ.

ರ‍್ಯಾಮ್‌ನಲ್ಲೂ ಒಂದು ಗಂಟು ಇದೆ. ಸೆಟ್ ಜೊತೆ ಬಂದದ್ದು ರಿಜಿಸ್ಟರ್ಡ್ ಇಸಿಸಿ, ಸರ್ವರ್‌ಗೆಂದು ಮಾಡಿದ ರ‍್ಯಾಮ್. ಅದು ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡಲ್ಲ. ಅಂದರೆ ಸೆಟ್ ಬೇಡ ಅಂತ ತೆಗೆದಿಟ್ಟರೆ ರ‍್ಯಾಮ್ ಕೂಡ ಹೋದಂತೆ.

ಹಿಂದಿರುಗಿಸಲು ಹೋದರೆ ‘ಕೋರ್ ಜಾಸ್ತಿನೇ ಕೊಟ್ಟೀವಲ್ರೀ’ ಅಂದರು. ಪ್ರೊಸೆಸರ್ ಕೆಟ್ಟಿಲ್ಲ, ಹಾಗಾಗಿ ವಾಪಸ್ ಇಲ್ಲವಂತೆ. ಈ ವಾದಕ್ಕೆ ಏನು ಹೇಳೋಣ!

ಇದೇ ಜಾತಿಯ ಬೇರೆ ಬಲೆಗಳೂ ಇವೆ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್, ಉದಾಹರಣೆಗೆ ಐ5-12400ಎಫ್, ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲೂ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕ್ ಇಲ್ಲ. ಎಫ್ ಇಲ್ಲದ 12400 ಬೇರೆ ಮಾತು: 6 ಕೋರ್, 12 ಥ್ರೆಡ್, ವಿಡಿಯೋ ಕೆಲಸವೂ ಆಗುತ್ತದೆ. ಹೊಸ ಬೋರ್ಡಿಗೆ ದುಡ್ಡಿದ್ದರೆ ನನ್ನ ಓಟು ಅದಕ್ಕೇ. ಎಚ್110 ಇದ್ದವರಿಗೆ ಐ7-8700 ತೋರಿಸುತ್ತಾರೆ. ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಹೆಸರು ಎರಡಕ್ಕೂ ಎಲ್‌ಜಿಎ 1151, ಆದರೆ 8ನೇ ಜನರೇಷನ್‌ಗೆ 300 ಸೀರೀಸ್ ಬೋರ್ಡ್ ಬೇಕು. ಜಿಯಾನ್ ಇ3 ವಿ5 ಕೂಡ ಅದೇ ಸಾಕೆಟ್‌ನದು, ಎಚ್110ರಲ್ಲಿ ಅದೂ ನಡೆಯಲ್ಲ. ಸಿ232, ಸಿ236 ಚಿಪ್‌ಸೆಟ್ ಕೇಳುತ್ತದೆ. ಚಿಪ್ ಮೇಲೆ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಅಂತ ಇದ್ದರೆ ಅದು ಪರೀಕ್ಷೆಗೆಂದು ಮಾಡಿದ ಸ್ಯಾಂಪಲ್, ವಾರಂಟಿಯ ಆಸೆ ಬಿಡಿ. ವರ್ಚುವಲ್ ಮಷೀನ್‌ಗೆ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಕೊಡುವವರು, ಅದಕ್ಕೆ ಬೇಕಾದ ವಿಟಿ-ಡಿ ಅನ್ನೋ ಸೌಲಭ್ಯ ಪ್ರೊಸೆಸರ್‌ನಲ್ಲಿ ಇದೆಯಾ ನೋಡಿ. ಐ7-4770ರಲ್ಲಿ ಅದು ಇದೆ, 4770ಕೆಯಲ್ಲಿ ಇಲ್ಲ.

ಅಂಗಡಿಯವರ ಮಾತು ಬಿಟ್ಟು ಇಂಟೆಲ್‌ನ ವೆಬ್‌ಸೈಟಿನಲ್ಲಿ ಆ ಮಾಡೆಲ್ ಹುಡುಕಿ, ‘ಪ್ರೊಸೆಸರ್ ಗ್ರಾಫಿಕ್ಸ್’ ಸಾಲು ನೋಡಿ. ಬೋರ್ಡ್ ಕಂಪನಿಯ ಪಟ್ಟಿಯಲ್ಲೂ ಅದೇ ಮಾಡೆಲ್ ಇರಬೇಕು. ದುಡ್ಡು ಕೊಡುವ ಮುಂಚೆ ಮಾಡೆಲ್ ನಂಬರ್ ಬರೆದ ಪಕ್ಕಾ ಬಿಲ್ ಕೇಳಿ. ನನಗೆ ಕೊಟ್ಟದ್ದು ‘ಪಿಸಿ ಸೆಟ್’ ಅಂತಷ್ಟೇ ಬರೆದ ಚೀಟಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಕೆ ಕೈಯಲ್ಲಿರುವ ದಾಖಲೆ ಸದ್ಯಕ್ಕೆ ಅದೊಂದೇ.