ಒಂದೇ ಹೆಸರಿನ ಸುತ್ತ ಮೂರು ಆಲ್ಬಮ್: ವೇಕ್‌ಮನ್‌ರ ‘ಜರ್ನಿ’ಯಲ್ಲಿ ಯಾವುದನ್ನು ಕೊಳ್ಳಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1974ರದಕ್ಕೆ. ಉಳಿದೆರಡನ್ನು ಬೈಯುವುದಕ್ಕಲ್ಲ ಈ ಹೋಲಿಕೆ. ಒಂದನ್ನು ಬಯಸಿ ಇನ್ನೊಂದನ್ನು ಕೊಂಡು ತಲೆ ಚಚ್ಚಿಕೊಳ್ಳುವುದು ಈ ಆಲ್ಬಮ್‌ನ ವಿಷಯದಲ್ಲಿ ತೀರಾ ಸುಲಭ.

ಇಂಗ್ಲೆಂಡಿನ ರಾಕ್ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ರ ‘ಜರ್ನಿ ಟು ದ ಸೆಂಟರ್ ಆಫ್ ದಿ ಅರ್ಥ್’ ಎಂದು ಹುಡುಕಿದರೆ ಮೂರು ಸರಕು ಎದುರಾಗುತ್ತವೆ. 1974ರ ಮೂಲ ಲೈವ್ ಮುದ್ರಣ ಒಂದು. 1999ರ ‘ರಿಟರ್ನ್ ಟು ದ ಸೆಂಟರ್ ಆಫ್ ದಿ ಅರ್ಥ್’ ಇನ್ನೊಂದು. ಅದು ಮರುಮುದ್ರಣವಲ್ಲ, ಮುಂದುವರಿದ ಭಾಗ. ಸಂಗೀತವೂ ಬೇರೆ, ಹಾಡುವವರೂ ಬೇರೆ. ಮೂರನೆಯದು 2012ರಲ್ಲಿ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ಮುದ್ರಿಸಿದ್ದು. ಹೆಸರು ಮಾತ್ರ 1974ರದ್ದೇ, ಹಾಗಾಗಿ ಗೊಂದಲ ಆಗುವುದು ಇಲ್ಲೇ. ಮುಖಪುಟದ ಚಿತ್ರ ನೋಡಿ ತೀರ್ಮಾನಿಸಬೇಡಿ, ಹಾಡುಗಳ ನಡುವೆ ಕತೆ ಹೇಳುವ ನಿರೂಪಕರ ಹೆಸರು ನೋಡಿ. ಡೇವಿಡ್ ಹೆಮ್ಮಿಂಗ್ಸ್ ಎಂದಿದ್ದರೆ 1974, ಪ್ಯಾಟ್ರಿಕ್ ಸ್ಟೀವರ್ಟ್ ಎಂದಿದ್ದರೆ 1999, ಪೀಟರ್ ಈಗನ್ ಎಂದಿದ್ದರೆ 2012. ಇದಕ್ಕಿಂತ ನಂಬಿಕಸ್ಥ ಗುರುತು ಬೇರೆ ಇಲ್ಲ.

ಕತೆ ಜೂಲ್ಸ್ ವರ್ನ್‌ರ 1864ರ ಕಾದಂಬರಿಯದು. ಪ್ರೊಫೆಸರ್, ಅವರ ನೆಂಟ ಹುಡುಗ ಆಕ್ಸೆಲ್, ದಾರಿ ತೋರುವ ಹಾನ್ಸ್, ಈ ಮೂವರೂ ಐಸ್‌ಲ್ಯಾಂಡಿನ ಆರಿದ ಜ್ವಾಲಾಮುಖಿಯ ಬಾಯಿಂದ ಇಳಿದು ಪಾತಾಳದ ಕಡಲು, ಕಾಡು, ದೈತ್ಯ ಪ್ರಾಣಿಗಳನ್ನು ಕಂಡು ಬರುತ್ತಾರೆ. ಕಾದಂಬರಿಯಲ್ಲಿ ಅವರು ಹೊರಬೀಳುವುದು ಇಟಲಿಯ ಸ್ಟ್ರಾಂಬೊಲಿ ಜ್ವಾಲಾಮುಖಿಯಲ್ಲಿ, ಆಲ್ಬಮ್‌ನಲ್ಲಿ ಎಟ್ನಾದಲ್ಲಿ. ವರ್ನ್ ಓದಿಕೊಂಡವರು ಇಲ್ಲಿ ಹುಬ್ಬೇರಿಸುತ್ತಾರೆ. ಸಂಗೀತಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ.

1974ರದ್ದು ಅದೇ ವರ್ಷದ ಜನವರಿ 18ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜನರೆದುರು ನುಡಿಸಿದ್ದು. ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಇಂಗ್ಲಿಷ್ ಚೇಂಬರ್ ಕಾಯರ್ ಎಂಬ ಗಾಯಕವೃಂದ, ವೃಂದ ನಡೆಸುವ ಕೋಲು ಹಿಡಿದದ್ದು ಡೇವಿಡ್ ಮೀಶಮ್. ಇಷ್ಟು ದೊಡ್ಡ ವೃಂದದ ನಡುವೆ ರಾಕ್ ಬ್ಯಾಂಡಿಗೆ ವೇಕ್‌ಮನ್ ಕರೆತಂದದ್ದು ತಾರೆಯರನ್ನಲ್ಲ, ಪಬ್ಬಿನಲ್ಲಿ ಜೊತೆಗೆ ನುಡಿಸುತ್ತಿದ್ದ ಗೆಳೆಯರನ್ನು. ಆ ಒರಟುತನವೇ ಈ ಮುದ್ರಣದ ಜೀವ. ಆಶ್ಲಿ ಹೋಲ್ಟ್, ಗ್ಯಾರಿ ಪಿಕ್‌ಫರ್ಡ್-ಹಾಪ್ಕಿನ್ಸ್ ಮೇಲಿನ ಸ್ವರಕ್ಕೆ ಏರುವಾಗ ಗಂಟಲು ಬಿಗಿಯುತ್ತದೆ, ನಿಜ. ಆದರೆ ಹಿತ್ತಾಳೆ ವಾದ್ಯಗಳ ಗೋಡೆಯೆದುರು ಮಿನಿಮೂಗ್ ಸಿಂಥಸೈಸರ್ ಒಂಟಿಯಾಗಿ ಸೀಳಿಕೊಂಡು ಬರುವ ಕ್ಷಣ 2012ರ ಸ್ವಚ್ಛ ಸ್ಟುಡಿಯೋದಲ್ಲಿ ಸಿಗುವುದಿಲ್ಲ. ಅಲ್ಲಿ ಪ್ರತಿ ವಾದ್ಯವೂ ಚೊಕ್ಕಟವಾಗಿ ತನ್ನ ಜಾಗದಲ್ಲಿ ಕೂತಿದೆ. ಇಲ್ಲಿ ಒಂದನ್ನೊಂದು ನೂಕುತ್ತಿವೆ.

ಅಳತೆಯೂ 1974ರ ಪರ. ವೇಕ್‌ಮನ್ ಬರೆದದ್ದು ಹೆಚ್ಚು, ಎಲ್‌ಪಿಯಲ್ಲಿ ಹಿಡಿದದ್ದು ಸುಮಾರು 40 ನಿಮಿಷ. ಬದಿಗೆ 20 ನಿಮಿಷ ದಾಟಿಸಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಸದ್ದಿನ ಮಟ್ಟ ತಗ್ಗಿಸಬೇಕು, ಆರ್ಕೆಸ್ಟ್ರಾದ ಅಬ್ಬರ ಸೊರಗುತ್ತದೆ. ಹಾಗಾಗಿ ಒಂದಷ್ಟು ಭಾಗಕ್ಕೆ ಕತ್ತರಿ ಬಿತ್ತು. ಮುಂದೆ ಆರ್ಕೆಸ್ಟ್ರಾದ ಸ್ವರಲಿಪಿಯೇ ಕಳೆದುಹೋಯಿತು. ಎಷ್ಟೋ ವರ್ಷದ ಮೇಲೆ ನೀರು ಕುಡಿದ ಹಾಳೆಗಳಾಗಿ ಸಿಕ್ಕಿತು. ಅದನ್ನು ಬಿಡಿಸಿ, ಕತ್ತರಿ ಬಿದ್ದದ್ದನ್ನೂ ಸೇರಿಸಿ ಮಾಡಿದ್ದೇ 2012ರ ಆವೃತ್ತಿ. ಅದು ಐವತ್ತು ನಿಮಿಷ ದಾಟುತ್ತದೆ. ಇತಿಹಾಸದ ದೃಷ್ಟಿಯಿಂದ ಚಿನ್ನದಂಥ ಕೆಲಸ. ಕೇಳುವವರ ದೃಷ್ಟಿಯಿಂದ, ಆ ಕತ್ತರಿ ಒಳ್ಳೆಯದನ್ನೇ ಮಾಡಿತ್ತು ಎನಿಸುತ್ತದೆ. ಮರಳಿ ಬಂದ ಭಾಗಗಳಲ್ಲಿ ಚೆಂದದವು ಇವೆ, ಆದರೆ ಕಡಲ ಕಾಳಗಕ್ಕೆ ತಲುಪುವ ಹೊತ್ತಿಗೆ ನಡಿಗೆ ಸಡಿಲವಾಗಿರುತ್ತದೆ.

ಇನ್ನು ನಿಜವಾದ ಕಿರಿಕಿರಿಗೆ ಬರೋಣ. ಅದು ಆರ್ಕೆಸ್ಟ್ರಾದ್ದಲ್ಲ, ಹಾಡುಗಾರರದ್ದಲ್ಲ. ನಿರೂಪಣೆ ಮತ್ತು ಹಾಡಿನ ನಡುವಿನ ಬೆಸುಗೆಯದು.

ಗಮಕಕ್ಕೆ ಹೋಗಿ ಅಭ್ಯಾಸವಿದ್ದವರಿಗೆ ಇದರ ಮರ್ಮ ಗೊತ್ತು. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ವ್ಯಾಖ್ಯಾನ ಮೊದಲ ಸಲ ಕಣ್ಣು ತೆರೆಸುತ್ತದೆ, ಹತ್ತನೆಯ ಸಲ ಪದ್ಯವಷ್ಟೇ ಸಾಕು ಎನಿಸುತ್ತದೆ. ‘ಜರ್ನಿ’ಯ ನಿರೂಪಣೆಯೂ ಹಾಗೇ. ಬೇಡವೆಂದಾಗ ದಾಟಿಹೋಗಲು ಬಾಗಿಲಿದೆಯೇ ಎಂಬುದರಲ್ಲಿ ಮೂರು ಆವೃತ್ತಿಗಳೂ ಮೂರು ದಿಕ್ಕು.

1974ರದರಲ್ಲಿ ಬಾಗಿಲೇ ಇಲ್ಲ. ಎಲ್‌ಪಿಯ ಒಂದೊಂದು ಬದಿಯೂ ನಿಲ್ಲದ ಹರಿವು: ಮೊದಲ ಬದಿಯಲ್ಲಿ ‘ದ ಜರ್ನಿ’, ‘ರೆಕಲೆಕ್ಷನ್’, ಎರಡನೆಯದರಲ್ಲಿ ‘ದ ಬ್ಯಾಟಲ್’, ‘ದ ಫಾರೆಸ್ಟ್’. ಅದನ್ನೇ ಸಿಡಿಗೆ ಇಳಿಸಿದಾಗ ಬದಿಗೊಂದರಂತೆ ಎರಡೇ ಟ್ರ್ಯಾಕ್ ಮಾಡಿದ ಅಚ್ಚುಗಳಿವೆ. ಕೊಳ್ಳುವ ಮುನ್ನ ಹಿಂಬದಿಯ ಪಟ್ಟಿ ಎಣಿಸಿ. ಎರಡೇ ಇದ್ದರೆ ‘ದ ಫಾರೆಸ್ಟ್’ ಬೇಕೆಂದಾಗಲೆಲ್ಲ ಮುಂದೆ ಓಡಿಸುತ್ತಾ ಕೂರಬೇಕು.

ಪರಿಹಾರ ಇದೆ, ಅರ್ಧ ಗಂಟೆಯ ಕೆಲಸ. ಸಿಡಿಯನ್ನು ಫ್ಲ್ಯಾಕ್ ಅಥವಾ ವೇವ್ (ಸದ್ದಿನ ಗುಣ ಕಳೆಯದ ಫೈಲ್ ಬಗೆಗಳು) ಆಗಿ ಕಂಪ್ಯೂಟರಿಗೆ ಇಳಿಸಿ ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಹಾಡು ಶುರುವಾಗುವ ಜಾಗದಲ್ಲಿ ಕರ್ಸರ್ ಇಟ್ಟು ‘ಝೆಡ್’ ಕೀಲಿ ಒತ್ತಿದರೆ ಅಲೆ ಸೊನ್ನೆ ಗೆರೆ ದಾಟುವ ಬಿಂದುವಿಗೆ ಅದು ಸರಿಯುತ್ತದೆ. ಈ ಹೆಜ್ಜೆ ಬಿಟ್ಟರೆ ಕತ್ತರಿಸಿದ ಕಡೆ ‘ಟಿಕ್’ ಎನ್ನುತ್ತದೆ. ಕಂಟ್ರೋಲ್-ಬಿ ಒತ್ತಿ ಲೇಬಲ್ ಹಾಕಿ. ಎಲ್ಲ ಲೇಬಲ್ ಆದ ಮೇಲೆ ಎಕ್ಸ್‌ಪೋರ್ಟ್‌ನಲ್ಲಿ ‘ಹಲವು ಫೈಲ್’ ಆರಿಸಿ, ಲೇಬಲ್ ಆಧಾರದಲ್ಲಿ ಕತ್ತರಿಸಲು ಹೇಳಿ. ಎರಡು ಎಚ್ಚರ: ನಾರ್ಮಲೈಸ್ (ಸದ್ದಿನ ಮಟ್ಟ ಬದಲಿಸುವುದು) ಮಾಡಲೇಬೇಡಿ, ಸಿಡಿಯ 16 ಬಿಟ್‌ನಿಂದ 16 ಬಿಟ್‌ಗೇ ಹೋಗುತ್ತಿರುವುದರಿಂದ ಸೆಟ್ಟಿಂಗ್‌ನಲ್ಲಿ ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಸಣ್ಣ ಸದ್ದು) ಆಫ್ ಮಾಡಿ, ಇಲ್ಲದಿದ್ದರೆ ಬೇಡದ ಸದ್ದು ಸೇರುತ್ತದೆ. ಹೆಮ್ಮಿಂಗ್ಸ್‌ರ ಮಾತನ್ನೇ ಕಿತ್ತು ಹಾಕುತ್ತೇನೆ ಎಂದು ಹೊರಟರೆ ಮಾತ್ರ ಸೋಲುತ್ತೀರಿ. ಹಲವೆಡೆ ಮಾತಿನ ಕೆಳಗೇ ವಾದ್ಯ ಹರಿಯುತ್ತಿರುತ್ತದೆ. ಮಾತು ಕಿತ್ತರೆ ಸಂಗೀತದ ಚರ್ಮವೂ ಬರುತ್ತದೆ.

2012ರದರ ರೋಗ ಇದಕ್ಕೆ ತದ್ವಿರುದ್ಧ. ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್‌ಗಳಾಗಿ ಕೊಚ್ಚಿದ್ದಾರೆ, ಕೆಲವು ತೀರಾ ಚಿಕ್ಕವು. ಬಾಗಿಲು ಬೇಕಾದಷ್ಟು, ಹೊಸ್ತಿಲಲ್ಲೇ ಎಡವುವುದು. ಸಂಗೀತ ನಿಲ್ಲದೆ ಹರಿಯುವಾಗ ಟ್ರ್ಯಾಕ್ ಬದಲಾದರೆ ಪ್ಲೇಯರ್ ಗ್ಯಾಪ್‌ಲೆಸ್ ಆಗಿರಲೇಬೇಕು, ಅಂದರೆ ನಡುವೆ ಬಿಡುವಿಲ್ಲದೆ ನುಡಿಸಬೇಕು. ಇಲ್ಲದಿದ್ದರೆ ಪ್ರತಿ ಬೆಸುಗೆಯಲ್ಲೂ ಬಿಕ್ಕಳಿಕೆ. ಎಂಪಿ3ಯಲ್ಲಿ ಇದು ಹುಟ್ಟುಗುಣ. ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ಚೌಕಟ್ಟುಗಳಲ್ಲಿ ತುಂಬುತ್ತದೆ. 44.1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 26 ಮಿಲಿಸೆಕೆಂಡ್. ಹಾಡು ಸರಿಯಾಗಿ ಚೌಕಟ್ಟಿನ ಅಂಚಿಗೇ ಮುಗಿಯುವುದಿಲ್ಲ, ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಶುರುವಿನಲ್ಲೂ ಎನ್‌ಕೋಡರ್ (ಎಂಪಿ3 ಮಾಡುವ ಸಾಫ್ಟ್‌ವೇರ್) ಒಂದಿಷ್ಟು ಮೌನ ಸೇರಿಸುತ್ತದೆ. ಎಷ್ಟು ಕತ್ತರಿಸಬೇಕೆಂದು ಲೇಮ್‌ನಂಥ ಎನ್‌ಕೋಡರ್ ಫೈಲಿನ ತಲೆಯಲ್ಲಿ ಬರೆದಿಡುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ಓದುತ್ತದೆ. ಕಾರಿನ ಪೆನ್‌ಡ್ರೈವ್ ಪ್ಲೇಯರ್‌ಗಳಲ್ಲಿ ಎಷ್ಟೋ ಓದುವುದೇ ಇಲ್ಲ, ಮೇಲಿಂದ ಮುಂದಿನ ಫೈಲ್ ತೆರೆಯುವುದಕ್ಕೆ ತಾವೂ ಅರೆಕ್ಷಣ ತಗೊಳ್ಳುತ್ತವೆ. ಆಗ ಫ್ಲ್ಯಾಕ್ ಹಾಕಿದರೂ ಬಿಕ್ಕಳಿಕೆ ಪೂರ್ತಿ ಹೋಗುವುದಿಲ್ಲ. ಕಾರಿಗಾದರೆ ಇಡೀ ಆಲ್ಬಮ್ಮನ್ನು ಒಂದೇ ಫೈಲ್ ಮಾಡಿಕೊಳ್ಳುವುದು ಸುಲಭದ ದಾರಿ. ಮನೆಯಲ್ಲಿ ಸಿಡಿ ಬರ್ನ್ ಮಾಡುವವರು ಡಿಸ್ಕ್-ಅಟ್-ಒನ್ಸ್ (ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವ ಕ್ರಮ) ಆರಿಸಿ ಟ್ರ್ಯಾಕ್‌ಗಳ ನಡುವಿನ ಅಂತರ ಸೊನ್ನೆ ಮಾಡಬೇಕು. ಎಷ್ಟೋ ಸಾಫ್ಟ್‌ವೇರ್ ತಾನಾಗಿ 2 ಸೆಕೆಂಡ್ ಇಟ್ಟಿರುತ್ತದೆ.

ಆ್ಯಪಿನಲ್ಲಿ ಕೇಳುವವರು ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಐದು ಸೆಕೆಂಡ್ ಇಟ್ಟರೆ ನಿರೂಪಕರ ಕೊನೆಯ ಮಾತಿನ ಮೇಲೆ ಮುಂದಿನ ಭಾಗ ಹತ್ತಿ ಕೂರುತ್ತದೆ. ಶಫಲ್ ಅಂತೂ ಬೇಡವೇ ಬೇಡ: ಎಟ್ನಾದಿಂದ ಹೊರಬಿದ್ದವರು ಮರುಕ್ಷಣ ಐಸ್‌ಲ್ಯಾಂಡಿನಲ್ಲಿ ಇಳಿಯುತ್ತಿರುತ್ತಾರೆ.

ಸದ್ದಿನ ಮಟ್ಟವೂ ಇದೇ ಬೆಸುಗೆಯ ಇನ್ನೊಂದು ಮುಖ. ಪ್ಲೇಯರ್‌ನ ನಾರ್ಮಲೈಸೇಷನ್ ಟ್ರ್ಯಾಕ್ ಲೆಕ್ಕದಲ್ಲಿ ನಡೆದರೆ ಮೆಲುದನಿಯ ಚಿಕ್ಕ ಟ್ರ್ಯಾಕ್ ಮೇಲೇರುತ್ತದೆ, ಆರ್ಕೆಸ್ಟ್ರಾ ಅಬ್ಬರಿಸುವ ಟ್ರ್ಯಾಕ್ ಕೆಳಗಿಳಿಯುತ್ತದೆ. ಕಿವಿಗೆ ಪಿಸುಮಾತೂ ಕಹಳೆಯೂ ಒಂದೇ ಎತ್ತರ. ಆಲ್ಬಮ್ ಲೆಕ್ಕಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಸದ್ದಿನ ಮಟ್ಟ ಸರಿಹೊಂದಿಸುವ ರೀಪ್ಲೇಗೇನ್ ಬಳಸುವವರಿಗೆ ‘ಟ್ರ್ಯಾಕ್ ಗೇನ್’, ‘ಆಲ್ಬಮ್ ಗೇನ್’ ಎಂದು ಎರಡೂ ಕಾಣುತ್ತವೆ, ಎರಡನೆಯದನ್ನು ಆರಿಸಿ. ಸ್ಪಾಟಿಫೈಯಲ್ಲಿ ಆಲ್ಬಮ್ಮನ್ನು ಸಾಲಾಗಿ ಕೇಳಿದರೆ ಆಲ್ಬಮ್ ಲೆಕ್ಕ, ಪ್ಲೇಲಿಸ್ಟಿಗೆ ಹಾಕಿದರೆ ಟ್ರ್ಯಾಕ್ ಲೆಕ್ಕ. 1974ರ ಎರಡು ಉದ್ದ ಟ್ರ್ಯಾಕ್‌ಗಳಿಗೆ ಈ ಪೀಡೆ ಇಲ್ಲ. ಬಾಗಿಲಿಲ್ಲದ ಮನೆಗೆ ಗಾಳಿ ನುಗ್ಗುವುದಿಲ್ಲ ಅನ್ನಿ.

ಬೆಸುಗೆಯ ವಿಷಯದಲ್ಲಿ ಗೆಲ್ಲುವುದು 1999ರ ‘ರಿಟರ್ನ್’. 22 ಟ್ರ್ಯಾಕ್, ಪ್ಯಾಟ್ರಿಕ್ ಸ್ಟೀವರ್ಟ್‌ರ ನಿರೂಪಣೆಗೆ ಅದರದೇ ಟ್ರ್ಯಾಕ್‌ಗಳು, ಹಾಡಿಗೆ ಅದರದೇ. ನಿರೂಪಣೆ ಬೇಡವೆಂದರೆ ಅವುಗಳ ಗುರುತು ತೆಗೆದು ಪ್ಲೇಲಿಸ್ಟ್ ಮಾಡಿ, ಅಷ್ಟೇ. ಆದರೂ ಅದು ನನ್ನ ಕಪಾಟಿನಲ್ಲಿ ಮುಂದಿನ ಸಾಲಿನಲ್ಲಿಲ್ಲ. 75 ನಿಮಿಷ ಮೀರಿದ ಆಲ್ಬಮ್, ಒಂದೊಂದು ಹಾಡಿಗೂ ಒಬ್ಬೊಬ್ಬ ತಾರೆ: ಓಝಿ ಆಸ್ಬರ್ನ್, ಬಾನಿ ಟೈಲರ್, ಜಸ್ಟಿನ್ ಹೇವರ್ಡ್, ಟ್ರೆವರ್ ರೇಬಿನ್. ಪ್ರತಿ ಬಾಗಿಲು ತೆರೆದಾಗಲೂ ಹೊಸ ಅತಿಥಿ. ಅತಿಥಿಗಳನ್ನು ನೋಡುವುದರಲ್ಲೇ ಮನೆ ಮರೆತುಹೋಗುತ್ತದೆ. ಓಝಿಯ ‘ಬರೀಡ್ ಅಲೈವ್’ ಮಾತ್ರ ಈ ಪೈಕಿ ದಿಟವಾದ ರಾಕ್. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇಲ್ಲೂ ಇದೆ, ಮುದ್ರಣದ ಗುಣಮಟ್ಟದಲ್ಲಿ ಮೂರರಲ್ಲೂ ಮೇಲು. ಹೊಸ ಸ್ಪೀಕರ್ ಪರೀಕ್ಷಿಸಲು ಒಳ್ಳೆಯ ಸಿಡಿ.

ನಿರೂಪಣೆಯೇ ಅಲರ್ಜಿ ಎನ್ನುವವರು ‘ಜರ್ನಿ’ಯ ಸಹವಾಸ ಬಿಟ್ಟು ವೇಕ್‌ಮನ್‌ರದೇ 1975ರ ಕಿಂಗ್ ಆರ್ಥರ್ ಆಲ್ಬಮ್‌ಗೆ ಹೋಗಬಹುದು. ಏಳು ಬಿಡಿ ಹಾಡು, ಮಾತು ಕಡಿಮೆ. ಮಾತೇ ಬೇಡವೆಂದರೆ ಅದೇ ವರ್ಷದ ಕ್ಯಾಮಲ್ ಬ್ಯಾಂಡಿನ ‘ಸ್ನೋ ಗೂಸ್’ ಇದೆ, ಕತೆಯನ್ನು ಪೂರಾ ವಾದ್ಯದಲ್ಲೇ ಹೇಳುತ್ತದೆ.

ದುಡ್ಡಿನ ಲೆಕ್ಕ ಹೀಗೆ. ಕಿವಿಗೆ ಹೆಡ್‌ಫೋನ್ ಹಾಕಿ ಕೂತು ಒಂದೇ ಉಸಿರಿಗೆ ಕೇಳುವ ಅಭ್ಯಾಸವಿದ್ದರೆ 1974ರದನ್ನು ಆ್ಯಪಿನಲ್ಲೇ ಕೇಳಿ, ಖರ್ಚು ಬೇಡ. ಕತೆ ಪೂರ್ತಿ ಬೇಕು, ಇಂಗ್ಲಿಷ್ ನಿರೂಪಣೆ ಸ್ಪಷ್ಟವಾಗಿ ಕೇಳಬೇಕು ಎನ್ನುವವರಿಗೆ, ಮಕ್ಕಳಿಗೆ ಕೇಳಿಸುವವರಿಗೆ 2012ರ ಸಿಡಿ ಸರಿ. ಕಾರಿನಲ್ಲೇ ಸಂಗೀತ ಕೇಳುವವರಿಗೆ ಮೂರೂ ಕಷ್ಟ: ಎಂಜಿನ್ ಸದ್ದಿಗೆ ಮೆಲು ಭಾಗ ಮುಳುಗುತ್ತದೆ, ವಾಲ್ಯೂಮ್ ಏರಿಸಿದ ಮರುಗಳಿಗೆಯಲ್ಲಿ ಹಿತ್ತಾಳೆ ವಾದ್ಯ ಕಿವಿಗೆ ಬಡಿಯುತ್ತದೆ.

ಎಲ್‌ಪಿ ಪ್ಲೇಯರ್ ಇದ್ದವರು 1974ರ ಹಳೆಯ ತಟ್ಟೆಗೆ ಕಾಯುವುದು ಸಾರ್ಥಕ. ಆಗ ಲಕ್ಷಾಂತರ ಮಾರಾಟವಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಮ್ ಇದು, ಹಾಗಾಗಿ ಅಪರೂಪದ ವಸ್ತು ಎಂದು ಯಾರಾದರೂ ವಿಪರೀತ ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ. ಹೊರದೇಶದಿಂದ ತರಿಸಿದರೆ ತಟ್ಟೆಗಿಂತ ಸಾಗಣೆ, ಸುಂಕದ ಭಾರವೇ ಹೆಚ್ಚಾದೀತು. ಕೊಳ್ಳುವಾಗ ಹೊಳಪು ನೋಡಿ ಮರುಳಾಗದೆ ಎರಡು ಜಾಗ ಕೇಳಿ. ಒಂದು, ನಿರೂಪಣೆಯ ಮೆಲು ಭಾಗ. ಧೂಳಿನ ಚಿಟಪಟ ಅಲ್ಲಿ ಅಡಗಿಕೊಳ್ಳಲಾರದು. ಬರೀ ಧೂಳಾದರೆ ಒದ್ದೆ ತೊಳೆತಕ್ಕೆ ಹೋಗುತ್ತದೆ, ಸುತ್ತಿಗೊಮ್ಮೆ ಲಯಬದ್ಧವಾಗಿ ‘ಟಕ್’ ಎಂದರೆ ಅದು ಗೀಚು, ಹೋಗುವುದಿಲ್ಲ. ಇನ್ನೊಂದು, ಎರಡನೆಯ ಬದಿಯ ಕೊನೆ. ನಾರ್ವೆಯ ಸಂಯೋಜಕ ಗ್ರೀಗ್‌ರ ‘ಮೌಂಟನ್ ಕಿಂಗ್’ ತುಣುಕು ಎದ್ದು ಅಬ್ಬರಿಸುವುದು ಅಲ್ಲಿ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೀರು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸರಿದರೆ ಒಳ ಅಂಚಿನಲ್ಲಿ ಸುಮಾರು 21 ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿರುತ್ತದೆ. ಸವೆದ ತಟ್ಟೆಯ ಬಣ್ಣ ಬಯಲಾಗುವುದು ಇಲ್ಲೇ. ಇಲ್ಲಿ ಕಾಯರ್ ಒಡೆದು ಕರಕರ ಎಂದರೆ ನಿಮ್ಮ ಮುಳ್ಳು ಎಷ್ಟೇ ಒಳ್ಳೆಯದಿರಲಿ, ತಟ್ಟೆಯನ್ನು ಅಲ್ಲೇ ಬಿಟ್ಟು ಬನ್ನಿ.